ಹಾಡಿನ ಪೆಟ್ಟಿಗೆ ಮಾಯವಾಯಿತು. ಪೈಪೋಟಿ ಎಲ್ಲಿಗೆ ಹೋಯಿತು?

2022ರ ಮೇ 10ರಂದು ಆಪಲ್ ಕಂಪನಿಯು ಐಪಾಡ್ ಸರಣಿಯ ಕೊನೆಯ ಮಾದರಿಗೂ ಮಂಗಳ ಹಾಡಿತು. 2001ರ ಅಕ್ಟೋಬರ್‌ನಲ್ಲಿ ಹುಟ್ಟಿದ ಆ ಪುಟ್ಟ ಯಂತ್ರ ಇಪ್ಪತ್ತು ವರ್ಷ ಬಾಳಿ, ಸುಮಾರು 45 ಕೋಟಿಯಷ್ಟು ಮಾರಾಟವಾಗಿತ್ತು ಎಂಬುದು ಅಂದಾಜು. ಅದಕ್ಕೂ ಹನ್ನೆರಡು ವರ್ಷ ಮೊದಲು, 2010ರಲ್ಲಿ, ಸೋನಿ ಕಂಪನಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್‌ಗೆ ವಿದಾಯ ಹೇಳಿತ್ತು. ಲೋಕದ ಪತ್ರಿಕೆಗಳು ಎರಡೂ ಸಲ ಚರಮಗೀತೆ ಬರೆದವು. ಕುಮಟಾದಿಂದ ಉತ್ತರಕ್ಕೆ, ಹೆದ್ದಾರಿಯ ಪಕ್ಕದಲ್ಲಿ ಅಘನಾಶಿನಿಯ ನೀರು ನೋಡುತ್ತ ನಿಂತಿರುವ ಮಿರ್ಜಾನದಲ್ಲಿ ಈ ಸುದ್ದಿ ಯಾರನ್ನೂ ತಟ್ಟಿದಂತೆ ಕಾಣಲಿಲ್ಲ. ಅಲ್ಲಿ ಐಪಾಡ್ ಕಂಡವರೇ ವಿರಳ. ಆದರೂ ಜೇಬಿನಲ್ಲಿಟ್ಟು ಹಾಡು ಕೇಳುವ ಯಂತ್ರಗಳಿಗಾಗಿ ನಲವತ್ತು ವರ್ಷ ನಡೆದ ಪೈಪೋಟಿಯಲ್ಲಿ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಎಂಬ ಲೆಕ್ಕವನ್ನು ಇಂತಹ ಊರಿನಿಂದ ನೋಡಿದರೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಪಠ್ಯಪುಸ್ತಕದ ಅರ್ಥಶಾಸ್ತ್ರಕ್ಕೆ ಇದೊಂದು ಸುಖಾಂತ ಕಥೆ. ಹಲವು ತಯಾರಕರು ಪೈಪೋಟಿಗೆ ಇಳಿದರು, ಬೆಲೆ ಇಳಿಯಿತು, ಗುಣಮಟ್ಟ ಏರಿತು, ಕೊನೆಗೆ ಹಾಡು ಹೆಚ್ಚುಕಡಿಮೆ ಪುಕ್ಕಟೆಯಾಯಿತು. ಈ ಕಥೆ ಸುಳ್ಳಲ್ಲ, ಆದರೆ ಅಪೂರ್ಣ. ಪೆಟ್ಟಿಗೆಯನ್ನು ಮಾರುವವರ ನಡುವಿನ ಪೈಪೋಟಿಯಿಂದ ಕೇಳುಗನಿಗೆ ಲಾಭವಾದದ್ದು ದಿಟ. ಪೆಟ್ಟಿಗೆಯೇ ಮಾಯವಾದ ಮೇಲೆ ಪೈಪೋಟಿಯ ಕಣ ಬದಲಾಗಿದೆ. ಹಾಡನ್ನು ತಲುಪುವ ದಾರಿ ಕೆಲವೇ ಕಂಪನಿಗಳ ಕೈಯಲ್ಲಿದೆ. ಆ ದಾರಿಯ ನಿಯಮಗಳು ಸಣ್ಣ ಊರಿನ, ಸಣ್ಣ ಮಾರುಕಟ್ಟೆಯ ಕಲೆಯನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಗ್ರಾಹಕನ ಆಯ್ಕೆ ಎಂಬ ಹೆಸರಿನಲ್ಲಿ ನಾವು ಮರೆತಿರುವುದು ಇದನ್ನೇ.

ಬೇಡಿಕೆಯ ವಿಷಯದಿಂದ ಆರಂಭಿಸೋಣ. ಕೆಲ್ವಿನ್ ಲ್ಯಾಂಕಾಸ್ಟರ್ ಎಂಬ ಅರ್ಥಶಾಸ್ತ್ರಜ್ಞ 1966ರಲ್ಲಿ ಒಂದು ಸರಳ ಮಾತನ್ನು ಮಂಡಿಸಿದ. ಗ್ರಾಹಕನಿಗೆ ಬೇಕಾದುದು ಸರಕಲ್ಲ, ಸರಕಿನಲ್ಲಿ ಅಡಗಿರುವ ಗುಣಗಳು ಎಂಬುದು ಅವನ ವಾದ. ಯಾರೂ ಟೇಪ್‌ರೆಕಾರ್ಡರನ್ನು ಅದಕ್ಕಾಗಿಯೇ ಕೊಳ್ಳುವುದಿಲ್ಲ. ಬೇಕಾದ ಹಾಡು, ಬೇಕಾದ ಹೊತ್ತಿಗೆ, ಬೇಕಾದ ಕಡೆ, ತನ್ನ ಅಳವಿನೊಳಗಿನ ಖರ್ಚಿನಲ್ಲಿ ಕೇಳಬೇಕು. ಅದಕ್ಕೊಂದು ಪೆಟ್ಟಿಗೆ ಬೇಕು, ಅಷ್ಟೆ. ಪೆಟ್ಟಿಗೆ ಮತ್ತು ಹಾಡು ಒಂದಕ್ಕೊಂದು ಪೂರಕ ಸರಕುಗಳು, ಕಾಫಿ ಮತ್ತು ಸಕ್ಕರೆ ಇದ್ದಂತೆ. ಒಂದರ ಬೆಲೆ ಇಳಿದರೆ ಇನ್ನೊಂದರ ಬೇಡಿಕೆ ಏರುತ್ತದೆ. ಈ ಉದ್ಯಮದಲ್ಲಿ ಗೆದ್ದವರೂ ಸೋತವರೂ ಈ ಸೂತ್ರವನ್ನು ಅರಿತದ್ದರಿಂದ ಅಥವಾ ಅರಿಯದ್ದರಿಂದ ಹಾಗಾದರು.

ಪುಟ್ಟ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಲೋಕಕ್ಕೆ ತೋರಿಸಿದ್ದು 1963ರಲ್ಲಿ, ಬರ್ಲಿನ್‌ನ ಪ್ರದರ್ಶನದಲ್ಲಿ. ಅದರ ವಿನ್ಯಾಸವನ್ನು ಕಂಪನಿ ತನ್ನೊಬ್ಬನ ಸೊತ್ತಾಗಿ ಇಟ್ಟುಕೊಳ್ಳಬಹುದಿತ್ತು. ಆದರೆ ಸೋನಿಯಂಥ ಜಪಾನೀ ತಯಾರಕರೊಡನೆ ಮಾತುಕತೆ ನಡೆದು, ಗಾತ್ರ ಮತ್ತು ವೇಗವನ್ನು ಬದಲಿಸಬಾರದೆಂಬ ಕಟ್ಟುಪಾಡಿನ ಮೇಲೆ, ಶುಲ್ಕವಿಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರು ಮಾಡಿದ ಕ್ಯಾಸೆಟ್ಟಾದರೂ ಯಾರ ಯಂತ್ರದಲ್ಲಾದರೂ ಓಡಬೇಕು ಎಂಬ ಈ ಏರ್ಪಾಡು ಮುಂದಿನ ಮೂವತ್ತು ವರ್ಷಗಳ ಪೈಪೋಟಿಗೆ ಬುನಾದಿಯಾಯಿತು. 1979ರ ಜುಲೈ 1ರಂದು ಸೋನಿ ವಾಕ್‌ಮನ್ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 33,000 ಯೆನ್. ಮುದ್ರಿಸುವ ಸೌಲಭ್ಯವಿಲ್ಲದ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಕಂಪನಿಯೊಳಗೇ ಅನುಮಾನವಿತ್ತು. ಅಕಿಯೊ ಮೊರಿಟಾ ಪಟ್ಟು ಹಿಡಿದರು, ಜನ ಕೊಂಡರು. ಆದರೆ ಕೆಲವೇ ವರ್ಷಗಳಲ್ಲಿ ಅಂಥದೇ ಯಂತ್ರವನ್ನು ಹತ್ತಾರು ಕಂಪನಿಗಳು ಮಾಡತೊಡಗಿದವು. ಕ್ಯಾಸೆಟ್ ಎಲ್ಲರದಾಗಿತ್ತಾದ್ದರಿಂದ ಸೋನಿ ತನ್ನ ಗ್ರಾಹಕನನ್ನು ಕಟ್ಟಿಹಾಕುವಂತಿರಲಿಲ್ಲ.

ನಮ್ಮ ಕರಾವಳಿಗೆ ಈ ಯಂತ್ರ ಬಂದ ದಾರಿಯೇ ಬೇರೆ. ಆಮದು ಸುಂಕ ವಿಪರೀತವಾಗಿದ್ದ ಕಾಲವದು. ರೇಡಿಯೊ ಇಟ್ಟುಕೊಳ್ಳುವುದಕ್ಕೂ ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ದಿನಗಳನ್ನು ಹಿರಿಯ ಓದುಗರು ಮರೆತಿರಲಾರರು. ಭಟ್ಕಳದ ನವಾಯತ ಕುಟುಂಬಗಳಿಂದ ಮೊದಲ್ಗೊಂಡು ಹೊನ್ನಾವರ, ಕುಮಟಾಗಳ ತನಕ ಊರೂರಿನ ತರುಣರು ದುಬೈ, ಕುವೈತ್, ಮಸ್ಕತ್‌ಗಳಿಗೆ ದುಡಿಯಲು ಹೋದರು. ರಜೆಗೆ ಬರುವಾಗ ಅವರ ಪೆಟ್ಟಿಗೆಯಲ್ಲಿ ಅತ್ತರು, ಬಟ್ಟೆಗಳ ಜೊತೆಗೆ ರೇಡಿಯೊ ಮತ್ತು ಟೇಪ್ ಎರಡೂ ಇರುವ ಟೂ-ಇನ್-ವನ್ ಇರುತ್ತಿತ್ತು. ಬೆಂಗಳೂರಿನ ಗುಮಾಸ್ತನ ಮನೆಗೆ ಬರುವ ಮೊದಲೇ ನ್ಯಾಷನಲ್ ಪ್ಯಾನಸೋನಿಕ್ ಪೆಟ್ಟಿಗೆ ಕರಾವಳಿಯ ಹೆಂಚಿನ ಮನೆಯ ಜಗಲಿಗೆ ಬಂದಿತ್ತು. ಅದು ಉಡುಗೊರೆ, ಮನೆಯವರ ಪಾಲಿಗೆ ಅದರ ಬೆಲೆ ಸೊನ್ನೆ. ಪೂರಕ ಸರಕಿನ ಸೂತ್ರ ಇಲ್ಲಿ ಕೆಲಸ ಮಾಡಿತು. ಪೆಟ್ಟಿಗೆ ಬಂದ ಮೇಲೆ ಅದರಲ್ಲಿ ಹಾಕಲು ಏನಾದರೂ ಬೇಕಲ್ಲ?

ಹಾಕಲು ಏನಿದೆ ಎಂಬುದನ್ನು ಅಲ್ಲಿಯವರೆಗೆ ನಿರ್ಧರಿಸುತ್ತಿದ್ದುದು ಹೆಚ್ಚಾಗಿ ಕಲ್ಕತ್ತದ ದಮ್‌ದಮ್‌ನಲ್ಲಿ ಕಾರ್ಖಾನೆಯಿದ್ದ ಗ್ರಾಮೊಫೋನ್ ಕಂಪನಿ, ಅಂದರೆ ಜನರ ಬಾಯಲ್ಲಿ ಎಚ್‌ಎಂವಿ. ರೆಕಾರ್ಡು ಒತ್ತುವುದು ಭಾರೀ ಬಂಡವಾಳದ ಕೆಲಸ. ಹೀಗಾಗಿ ಸಾವಿರಗಟ್ಟಲೆ ಪ್ರತಿ ಖರ್ಚಾಗುವ ಸಿನಿಮಾ ಹಾಡುಗಳಿಗೆ ಮೊದಲ ಮಣೆ. ಕ್ಯಾಸೆಟ್ ಈ ತಡೆಗೋಡೆಯನ್ನು ಕೆಡವಿತು. ನಾಲ್ಕಾರು ಪ್ರತಿ ಮಾಡುವ ಯಂತ್ರಗಳಿದ್ದರೆ ಯಾರು ಬೇಕಾದರೂ ಕಂಪನಿ ತೆರೆಯಬಹುದಾಯಿತು. ಉತ್ತರದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಕಡಿಮೆ ಬೆಲೆಯ ಕ್ಯಾಸೆಟ್ಟನ್ನು ಬೀಡಾ ಅಂಗಡಿಗಳಿಗೂ ಮುಟ್ಟಿಸಿ ಹಳೆಯ ಏಕಸ್ವಾಮ್ಯವನ್ನು ಮುರಿಯಿತು. ಈ ಬದಲಾವಣೆಯಿಂದ ಊರು, ಜಾತಿ, ಉಪಭಾಷೆಗಳ ಸಂಗೀತಕ್ಕೆ ಹೇಗೆ ಮಾರುಕಟ್ಟೆ ಸಿಕ್ಕಿತು ಎಂಬುದನ್ನು ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್ 1993ರ ತಮ್ಮ 'ಕ್ಯಾಸೆಟ್ ಕಲ್ಚರ್' ಗ್ರಂಥದಲ್ಲಿ ವಿವರಿಸಿದ್ದಾರೆ. ಕನ್ನಡದಲ್ಲಿ 1978ರ 'ನಿತ್ಯೋತ್ಸವ' ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಯಿತು. ಬೆಂಗಳೂರಿನಲ್ಲಿ ಸಂಗೀತಾ, ಲಹರಿ ಮೊದಲಾದ ಸಂಸ್ಥೆಗಳು ಬೆಳೆದವು. 1987ರಲ್ಲಿ 'ಪ್ರೇಮಲೋಕ'ದ ಹಾಡುಗಳು ರಾಜ್ಯದ ಮೂಲೆಮೂಲೆಗೆ ಹೋದದ್ದು ಲಹರಿಯ ಕ್ಯಾಸೆಟ್ಟಿನ ಮೂಲಕವೇ.

ಕರಾವಳಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಯಕ್ಷಗಾನದ ಕ್ಯಾಸೆಟ್. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿ ಕುಣಿದ ಸೀಮೆ ಇದು. ಇಲ್ಲಿ ಪದ್ಯ ಕೇಳುವ ಬೇಡಿಕೆ ಎಂದಿನಿಂದಲೂ ಇತ್ತು. ಅದನ್ನು ಪೂರೈಸುವ ಲಾಭದಾಯಕ ವಿಧಾನ ಇರಲಿಲ್ಲ. ಕ್ಯಾಸೆಟ್ ಆ ಕೊರತೆಯನ್ನು ತುಂಬಿತು. ಕಾಳಿಂಗ ನಾವಡರ ಕಂಠ ಇದಕ್ಕೆ ಒಳ್ಳೆಯ ನಿದರ್ಶನ. 1958ರಲ್ಲಿ ಹುಟ್ಟಿದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೆರಡರ ಆಸುಪಾಸು. ಆದರೆ ಅವರ ಪದ್ಯಗಳು ಆ ಬಳಿಕವೂ ದಶಕಗಟ್ಟಲೆ ಬಡಗುತಿಟ್ಟಿನ ಮನೆಮನೆಯಲ್ಲಿ ಕೇಳಿಬಂದವು. ಕಂಪನಿಗಳ ಕ್ಯಾಸೆಟ್ಟಷ್ಟೇ ಅಲ್ಲ, ಆಟದ ರಾತ್ರಿ ರಂಗಸ್ಥಳದ ಹತ್ತಿರ ಟೇಪ್‌ರೆಕಾರ್ಡರ್ ಇಟ್ಟು ಅಭಿಮಾನಿಗಳೇ ಮುದ್ರಿಸಿಕೊಂಡ ಪ್ರತಿಗಳೂ ಇದಕ್ಕೆ ಕಾರಣ. ಮೊರಿಟಾ ಬೇಡವೆಂದು ತೆಗೆದುಹಾಕಿದ್ದ ಮುದ್ರಿಸುವ ಗುಂಡಿಯೇ ನಮ್ಮವರಿಗೆ ಎಲ್ಲಕ್ಕಿಂತ ಬೇಕಾದ ಗುಂಡಿಯಾಗಿತ್ತು. ಜಪಾನಿನ ಗ್ರಾಹಕನ ಬೇಡಿಕೆ ಬೇರೆ, ಕುಮಟಾದ ಗ್ರಾಹಕನ ಬೇಡಿಕೆ ಬೇರೆ. ಎರಡನ್ನೂ ಪೂರೈಸುವಷ್ಟು ತಯಾರಕರು ಕಣದಲ್ಲಿದ್ದರು ಎಂಬುದೇ ಆ ಕಾಲದ ಪೈಪೋಟಿಯ ಹೆಚ್ಚುಗಾರಿಕೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕುಮಟಾ ಸೀಮೆಯಲ್ಲಿ ಸೇವೆಯಲ್ಲಿದ್ದಾಗ ಪೇಟೆಯ ಒಂದು ಸಣ್ಣ ಅಂಗಡಿಯನ್ನು ಚೆನ್ನಾಗಿ ಬಲ್ಲೆ. ರೇಡಿಯೊ ರಿಪೇರಿಯಿಂದ ಆರಂಭವಾದ ಆ ಅಂಗಡಿ ಆಗ ಕ್ಯಾಸೆಟ್ ಮಾರುತ್ತಿತ್ತು. ಖಾಲಿ ಕ್ಯಾಸೆಟ್ಟಿಗೆ ಗಿರಾಕಿ ಕೊಟ್ಟ ಪಟ್ಟಿಯಂತೆ ಹಾಡು ತುಂಬಿಕೊಡುತ್ತಿತ್ತು. ಶತಮಾನ ತಿರುಗಿದ ಮೇಲೆ ನೂರಿನ್ನೂರು ಹಾಡು ಹಿಡಿಸುವ ಎಂಪಿ3 ಸಿಡಿ ಬಂತು, ಆಮೇಲೆ ಮೊಬೈಲಿನ ಮೆಮೊರಿ ಕಾರ್ಡು ತುಂಬಿಸುವ ಕೆಲಸ, ಅದರ ನಂತರ ರೀಚಾರ್ಜು. ಇತ್ತೀಚೆಗೆ ಹೋದಾಗ ಅಲ್ಲಿದ್ದುದು ಮೊಬೈಲಿನ ಕವರು ಮತ್ತು ಗಾಜು. ಮೊದಲು ಜನ ಯಾವ ಪದ್ಯ ಇದೆ ಎಂದು ಕೇಳಿ ಬರುತ್ತಿದ್ದರು, ಈಗ ಯಾವ ಬಣ್ಣ ಇದೆ ಎಂದು ಕೇಳುತ್ತಾರೆ ಎಂಬುದು ಮಾಲೀಕರ ನುಡಿ. ಒಂದು ಉದ್ಯಮದ ಇಡೀ ಚರಿತ್ರೆ ಹತ್ತಡಿ ಅಗಲದ ಆ ಅಂಗಡಿಯ ಕಪಾಟಿನಲ್ಲಿ ಬದಲಾಗುತ್ತ ಹೋಯಿತು.

ಡಿಜಿಟಲ್ ಯುಗದ ಪೈಪೋಟಿಯ ಪಾಠವೂ ಪೂರಕ ಸರಕಿನದೇ. ಹಾಡನ್ನು ಹತ್ತನೆಯ ಒಂದು ಪಾಲಿಗೆ ಕುಗ್ಗಿಸುವ ಎಂಪಿ3 ತಂತ್ರ ಜರ್ಮನಿಯಲ್ಲಿ ರೂಪುಗೊಂಡಿತು. 1998ರಲ್ಲಿ ದಕ್ಷಿಣ ಕೊರಿಯಾದ ಎಂಪಿಮ್ಯಾನ್, ಅಮೆರಿಕದ ರಿಯೊ ಯಂತ್ರಗಳು ಬಂದವು. ರಿಯೊವನ್ನು ತಡೆಯಬೇಕೆಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ನ್ಯಾಯಾಲಯಕ್ಕೆ ಹೋಗಿ ಸೋತಿತು. ಜೇಬಿನ ಸಂಗೀತವನ್ನು ಕಂಡುಹಿಡಿದ ಸೋನಿಯೇ ಇಲ್ಲಿ ಗೆಲ್ಲಬೇಕಾಗಿತ್ತು. ಆದರೆ ಅಷ್ಟರಲ್ಲಿ ಅದು ಯಂತ್ರದ ಜೊತೆಗೆ ಹಾಡುಗಳ ಒಡೆತನವನ್ನೂ ಹೊಂದಿದ್ದ ಕಂಪನಿಯಾಗಿತ್ತು. ನಕಲಿನ ಭಯದಿಂದ ತನ್ನದೇ ಆದ ಅಟ್ರಾಕ್ ಎಂಬ ಧ್ವನಿವಿನ್ಯಾಸಕ್ಕೆ ಅಂಟಿಕೊಂಡಿತು. ಎಂಪಿ3 ಕಡತಗಳನ್ನು ನೇರವಾಗಿ ನುಡಿಸುವ ಯಂತ್ರ ಕೊಟ್ಟದ್ದು 2004ರ ಹೊತ್ತಿಗೆ. ಜನರ ಬಳಿ ಇದ್ದ ಹಾಡಿಗೂ ಕಂಪನಿಯ ಪೆಟ್ಟಿಗೆಗೂ ಹೊಂದಿಕೆಯಾಗಲಿಲ್ಲ. ಹೊಂದಿಕೆ ಬೇಕೆಂದವರು ಬೇರೆ ಅಂಗಡಿಗೆ ಹೋದರು.

ಆಪಲ್ ಗೆದ್ದದ್ದು ಅಗ್ಗದ ಬೆಲೆಯಿಂದಲ್ಲ. ಐದು ಗಿಗಾಬೈಟಿನ ಮೊದಲ ಐಪಾಡ್‌ಗೆ 399 ಡಾಲರ್ ಬೆಲೆಯಿತ್ತು. ಸಿಂಗಪುರದ ಕ್ರಿಯೇಟಿವ್, ಕೊರಿಯಾದ ಐರಿವರ್ ಮೊದಲಾದವರ ಯಂತ್ರಗಳು ಅದಕ್ಕಿಂತ ಕಳಪೆಯೇನೂ ಆಗಿರಲಿಲ್ಲ. ಕ್ರಿಯೇಟಿವ್‌ನ ಪೇಟೆಂಟ್ ತಕರಾರನ್ನು ಮುಗಿಸಲು 2006ರಲ್ಲಿ ಆಪಲ್ ಹತ್ತು ಕೋಟಿ ಡಾಲರ್ ತೆರಬೇಕಾಯಿತು. ಆದರೆ 2003ರ ಏಪ್ರಿಲ್‌ನಲ್ಲಿ ಒಂದು ಹಾಡಿಗೆ 99 ಸೆಂಟಿನಂತೆ ಮಾರುವ ಐಟ್ಯೂನ್ಸ್ ಅಂಗಡಿಯನ್ನು ತೆರೆದು, ಪೆಟ್ಟಿಗೆ ಮತ್ತು ಹಾಡು ಎರಡನ್ನೂ ಒಂದೇ ಹಗ್ಗದಿಂದ ಕಟ್ಟಿದ್ದು ಆಪಲ್ ಮಾತ್ರ. ಅಲ್ಲಿ ಕೊಂಡ ಹಾಡು ಬೇರೆಯವರ ಯಂತ್ರದಲ್ಲಿ ಓಡುತ್ತಿರಲಿಲ್ಲ. ನೂರಾರು ಹಾಡು ಕೊಂಡ ಗ್ರಾಹಕ ಇನ್ನೊಂದು ಕಂಪನಿಗೆ ಹೋಗಬೇಕೆಂದರೆ ಆ ಹಾಡುಗಳನ್ನು ಬಿಟ್ಟುಹೋಗಬೇಕು. ಅರ್ಥಶಾಸ್ತ್ರದಲ್ಲಿ ಇದನ್ನು ಬದಲಾವಣೆಯ ವೆಚ್ಚ ಎನ್ನುತ್ತೇವೆ. ಈ ಬೀಗವನ್ನು ಆಪಲ್ 2009ರಲ್ಲಿ ತೆಗೆಯಿತು. ಅದು ಪೈಪೋಟಿಗೆ ಧಕ್ಕೆ ತಂದಿತೇ ಎಂಬ ಮೊಕದ್ದಮೆಯಲ್ಲಿ 2014ರಲ್ಲಿ ಅಮೆರಿಕದ ಪಂಚಾಯತರು ಆಪಲ್ ಪರವಾಗಿಯೇ ತೀರ್ಪಿತ್ತರು. 2006ರಲ್ಲಿ ಜೂನ್ ಎಂಬ ಯಂತ್ರದೊಡನೆ ಬಂದ ಮೈಕ್ರೊಸಾಫ್ಟ್‌ನಂಥ ದೈತ್ಯ ಕೂಡ 2011ರ ಹೊತ್ತಿಗೆ ಕಣ ಬಿಟ್ಟಿತು. ಐಪಾಡ್ ಮಾರಾಟ 2008ರ ಹಣಕಾಸು ವರ್ಷದಲ್ಲಿ ಸುಮಾರು ಐದೂವರೆ ಕೋಟಿಗೆ ಏರಿ ಅಲ್ಲಿಂದ ಇಳಿಯತೊಡಗಿದಾಗ ಅದನ್ನು ಕೆಳಗಿಳಿಸಿದ್ದು ಎದುರಾಳಿ ಸಂಗೀತ ಯಂತ್ರವಲ್ಲ, ದೂರವಾಣಿ. ಆಪಲ್‌ನದೇ ಐಫೋನ್ ಕೂಡ ಅದರಲ್ಲಿ ಒಂದು.

ಭಾರತದ ಬಹುಪಾಲು ಜನ ಐಪಾಡ್ ಎಂಬ ಮೆಟ್ಟಿಲನ್ನು ಹತ್ತಲೇ ಇಲ್ಲ. ಕ್ಯಾಸೆಟ್ಟಿನಿಂದ ಅಗ್ಗದ ಸಿಡಿಗೆ, ಅಲ್ಲಿಂದ ನೇರ ಮೊಬೈಲಿಗೆ ಜಿಗಿದರು. ನೋಕಿಯಾದ ಎಕ್ಸ್‌ಪ್ರೆಸ್‌ಮ್ಯೂಸಿಕ್, ಸೋನಿ ಎರಿಕ್ಸನ್‌ನ ವಾಕ್‌ಮನ್ ಫೋನುಗಳು ಪೇಟೆಯ ತರುಣರಿಗೆ ಬಂದವು. ಅವುಗಳ ಬೆನ್ನಿಗೇ ತೈವಾನಿನ ಮೀಡಿಯಾಟೆಕ್ ಚಿಪ್ಪು ಬಳಸಿದ ಅಗ್ಗದ ಫೋನುಗಳು, ಮೈಕ್ರೊಮ್ಯಾಕ್ಸ್, ಕಾರ್ಬನ್, ಲಾವಾ ಮುಂತಾದ ದೇಶೀ ಹೆಸರುಗಳಲ್ಲಿ ಹಳ್ಳಿಗೆ ಬಂದವು. ಎರಡು ಸಿಮ್, ದಿನಗಟ್ಟಲೆ ಬಾಳುವ ಬ್ಯಾಟರಿ, ಗದ್ದೆಯ ಆಚೆಗೂ ಕೇಳುವ ಸ್ಪೀಕರು, ಎಫ್‌ಎಂ, ಮೆಮೊರಿ ಕಾರ್ಡು. ವಿದ್ಯುತ್ತು ಕೈಕೊಡುವ ಊರಿನ ಗ್ರಾಹಕನಿಗೆ ಯಾವ ಗುಣಗಳು ಬೇಕೋ ಅವೇ ಅಲ್ಲಿದ್ದವು. ಲ್ಯಾಂಕಾಸ್ಟರ್‌ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಇದಕ್ಕೊಂದು ಬೆಲೆ ಇತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬಿದವನು ಹಾಡಿದವನಿಗೆ ಒಂದು ಕಾಸನ್ನೂ ಕೊಡುತ್ತಿರಲಿಲ್ಲ. ಕ್ಯಾಸೆಟ್ ಯುಗದಲ್ಲೂ ನಕಲು ಇತ್ತು. ಆದರೆ ಪ್ರತಿ ನಕಲಿಗೂ ಒಂದು ಖಾಲಿ ಕ್ಯಾಸೆಟ್, ಅರ್ಧ ಗಂಟೆಯೋ ಒಂದು ಗಂಟೆಯೋ ಸಮಯ ಬೇಕಿತ್ತು. ಈಗ ನಿಮಿಷದಲ್ಲಿ ಸಾವಿರ ಹಾಡು. ಪೆಟ್ಟಿಗೆ ಮಾರುವವರ ಲಾಭ ಏರಿದಂತೆ ಹಾಡು ಮಾಡುವವರ ಆದಾಯ ಕುಸಿಯಿತು. ಸಿನಿಮಾ ಸಂಗೀತಕ್ಕೆ ನಿರ್ಮಾಪಕನ ಬಂಡವಾಳ ಇದ್ದೇ ಇತ್ತು. ಯಕ್ಷಗಾನದ, ತಾಳಮದ್ದಳೆಯ, ಜಾನಪದ ಗೀತೆಗಳ ಕ್ಯಾಸೆಟ್ ಹೊರತರುತ್ತಿದ್ದ ಊರಿನ ಸಣ್ಣ ಉದ್ಯಮಿಗೆ ಅಂಥ ಆಸರೆ ಇರಲಿಲ್ಲ. ಅವನು ಸದ್ದಿಲ್ಲದೆ ಅಂಗಡಿ ಮುಚ್ಚಿದ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಕಾರ್ಡು ತುಂಬಿಸುವ ಅಗತ್ಯವೂ ತಪ್ಪಿತು. 2014ರಲ್ಲಿ ಒಂದು ಜಿಬಿ ಮೊಬೈಲ್ ಡೇಟಾಕ್ಕೆ ಸರಾಸರಿ 269 ರೂಪಾಯಿ ಇದ್ದದ್ದು ಕೆಲವೇ ವರ್ಷಗಳಲ್ಲಿ ಹತ್ತು ಹನ್ನೆರಡು ರೂಪಾಯಿಗೆ ಇಳಿಯಿತು. ಹಾಡು ಈಗ ಜೇಬಿನಲ್ಲಿಲ್ಲ, ಎಲ್ಲೋ ದೂರದ ಯಂತ್ರದಲ್ಲಿದೆ. ಕೇಳುವ ಹೊತ್ತಿಗೆ ಹರಿದುಬರುತ್ತದೆ. ಇಲ್ಲಿಯೂ ಆರಂಭದಲ್ಲಿ ಭರ್ಜರಿ ಪೈಪೋಟಿಯಿತ್ತು. ಗಾನಾ, ಸಾವನ್, ಹಂಗಾಮಾ, ವಿಂಕ್, ಚೀನಾ ಮೂಲದ ರೆಸೊ, 2019ರಲ್ಲಿ ಬಂದ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಎಲ್ಲವೂ ಕಣದಲ್ಲಿದ್ದವು. ಸಾವನ್ 2018ರಲ್ಲಿ ಜಿಯೊ ಜೊತೆ ಸೇರಿತು. ಗಾನಾ 2022ರಲ್ಲಿ ಪುಕ್ಕಟೆ ಸೇವೆಯನ್ನು ಕೈಬಿಟ್ಟಿತು. ರೆಸೊ 2024ರ ಜನವರಿಯಲ್ಲಿ ಭಾರತದಿಂದ ಹೊರಟಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮುಚ್ಚುವುದಾಗಿ ಹೇಳಿತು. ಕಣ ದಿನೇದಿನೇ ಕಿರಿದಾಗುತ್ತಿದೆ.

ಕಿರಿದಾದ ಕಣದ ನಿಯಮಗಳನ್ನು ನೋಡಿ. ಸ್ಪಾಟಿಫೈ ಲೆಕ್ಕದಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಎಣಿಕೆ. ಸಂಗ್ರಹವಾದ ಹಣವನ್ನು ಒಟ್ಟು ಎಣಿಕೆಗಳಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ ಹಂಚಲಾಗುತ್ತದೆ. ಎರಡೂವರೆ ನಿಮಿಷದ ಸಿನಿಮಾ ಹಾಡಿಗೂ ಒಂದೇ ಎಣಿಕೆ, ಒಂದೂವರೆ ಗಂಟೆಯ ತಾಳಮದ್ದಳೆಗೂ ಒಂದೇ ಎಣಿಕೆ. 2024ರಿಂದ ಇನ್ನೊಂದು ಕಟ್ಟಳೆ ಸೇರಿದೆ: ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಎಣಿಕೆ ದಾಟದ ಧ್ವನಿಮುದ್ರಣಕ್ಕೆ ಗೌರವಧನವೇ ಇಲ್ಲ. ಯಂತ್ರಗಳಿಂದ ಎಣಿಕೆ ಏರಿಸುವ ವಂಚಕರನ್ನು ತಡೆಯಲು, ಹಂಚಿಕೆಯ ಖರ್ಚು ಉಳಿಸಲು ಇದು ಬೇಕು ಎಂಬ ಕಂಪನಿಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಂದೇ ಪ್ರಸಂಗವನ್ನು ಎಂಟುನೂರು ಜನ ಆಸ್ಥೆಯಿಂದ, ಪೂರ್ತಿಯಾಗಿ, ವರ್ಷಕ್ಕೊಮ್ಮೆ ಕೇಳಿದರೆ ಆ ಬೇಡಿಕೆಗೆ ಬೆಲೆ ಸೊನ್ನೆ. ಕ್ಯಾಸೆಟ್ ಯುಗದಲ್ಲಿ ಎಂಟುನೂರು ಕ್ಯಾಸೆಟ್ ಖರ್ಚಾದರೆ ಒಬ್ಬ ಭಾಗವತನಿಗೂ ಒಬ್ಬ ಸಣ್ಣ ಉದ್ಯಮಿಗೂ ಅದು ನಗಣ್ಯ ಮೊತ್ತವಾಗಿರಲಿಲ್ಲ. ಬೇಡಿಕೆಯ ತೀವ್ರತೆಯನ್ನು ಕ್ಯಾಸೆಟ್ಟಿನ ಬೆಲೆ ಅಳೆಯುತ್ತಿತ್ತು. ಇಂದಿನ ಎಣಿಕೆ ಬೇಡಿಕೆಯ ವಿಸ್ತಾರವನ್ನಷ್ಟೇ ಅಳೆಯುತ್ತದೆ.

ಇಲ್ಲಿ ಮಿರ್ಜಾನದ ಕೋಟೆ ನೆನಪಾಗುವುದು ಕೇವಲ ಊರಿನ ಅಭಿಮಾನದಿಂದಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಘಟ್ಟದ ಕಾಳುಮೆಣಸು ಅಘನಾಶಿನಿಯ ದಾರಿಯಲ್ಲಿ ಕಡಲಿಗೆ ಹೋಗುತ್ತಿತ್ತು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಮೆಣಸಿನ ತೋಟ ಅವರದಾಗಿರಲಿಲ್ಲ. ಆದರೆ ಕಡಲಿನಲ್ಲಿ ಯಾವ ಹಡಗು ಸಾಗಬೇಕಾದರೂ ತಮ್ಮ ಕಾರ್ತಾಜ್ ಎಂಬ ರಹದಾರಿ ಬೇಕು ಎಂದು ಅವರು ಕಟ್ಟುಮಾಡಿದ್ದರು. ಬೆಳೆಯುವವರು ಹಲವರು, ತಿನ್ನುವವರು ಹಲವರು. ನಡುವಿನ ದಾರಿ ಒಬ್ಬರದು. ಲಾಭ ದಾರಿಯವರ ಪಾಲಾಗುತ್ತದೆ. ಆ ಕಾಲದಲ್ಲಿ ಬೇರೆ ಕೊಳ್ಳುವವರನ್ನು ಹುಡುಕುವ ಶಕ್ತಿ ರಾಣಿಗೆ ಇದ್ದುದರಿಂದ ಬೆಲೆಯ ಮಾತು ಆಡಲು ಅವಕಾಶವಿತ್ತು. ಇಂದು ಭಾಗವತನಿಗಾಗಲೀ ಕೇಳುಗನಿಗಾಗಲೀ ಅಷ್ಟು ಶಕ್ತಿ ಇಲ್ಲ.

ಗ್ರಾಹಕನಿಗೆ ಆದ ಲಾಭವನ್ನು ನಾನು ಅಲ್ಲಗಳೆಯುತ್ತಿಲ್ಲ. ಮಾರ್ಷಲ್ ಹೇಳಿದ ಅನುಭೋಗಿಯ ಹೆಚ್ಚುವರಿ, ಅಂದರೆ ಕೊಟ್ಟ ಬೆಲೆಗಿಂತ ಮಿಗಿಲಾಗಿ ದಕ್ಕಿದ ತೃಪ್ತಿ, ಈ ಕ್ಷೇತ್ರದಲ್ಲಿ ಬೆಳೆದಷ್ಟು ಬೇರೆಲ್ಲೂ ಬೆಳೆದಿಲ್ಲವೇನೋ. ನಾವಡರ ಪದ್ಯ ಇಂದು ಯೂಟ್ಯೂಬಿನಲ್ಲಿ ಯಾವ ಹೊತ್ತಿಗೂ ಸಿಗುತ್ತದೆ. ಅಮೆರಿಕದಲ್ಲಿರುವ ಹೊನ್ನಾವರದ ಹುಡುಗಿ ಅಜ್ಜನ ಊರಿನ ಆಟವನ್ನು ಅದೇ ರಾತ್ರಿ ನೋಡುತ್ತಾಳೆ. ನನ್ನ ಪ್ರಶ್ನೆ ಈ ಲಾಭ ಎಷ್ಟು ದಿನ, ಯಾರ ಮರ್ಜಿಯಿಂದ ಎಂಬುದು. ಕೊಂಡ ಕ್ಯಾಸೆಟ್ ನಮ್ಮದಾಗಿತ್ತು. ಕಂಪನಿ ಮುಚ್ಚಿದರೂ ಅದು ಕಪಾಟಿನಲ್ಲಿರುತ್ತಿತ್ತು. ಇಂದಿನದು ಬಾಡಿಗೆ ಮನೆ. ಸೇವೆ ನಿಂತ ದಿನ ವರ್ಷಗಟ್ಟಲೆ ಜೋಡಿಸಿದ ಪಟ್ಟಿಯೂ ಹೋಗುತ್ತದೆ.

ಗ್ರಾಹಕ ನಿಜವಾಗಿ ಏನು ಬಯಸುತ್ತಾನೆ ಎಂಬುದಕ್ಕೆ ಒಂದು ಕುತೂಹಲದ ಸಾಕ್ಷಿಯಿದೆ. ಆ ಹಳೆಯ ಎಚ್‌ಎಂವಿಯ ಇಂದಿನ ರೂಪವಾದ ಸಾರೆಗಾಮಾ 2017ರಲ್ಲಿ ಕಾರವಾನ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ನೋಡಲು ಹಳೆಯ ಟ್ರಾನ್ಸಿಸ್ಟರ್, ಒಳಗೆ 5,000 ಹಾಡು, ಇಂಟರ್‌ನೆಟ್ ಬೇಡ. ಪೆಟ್ಟಿಗೆಗಳ ಕಾಲ ಮುಗಿಯಿತು ಎಂದವರೆಲ್ಲ ಬೆರಗಾಗುವಂತೆ ಅದು ಖರ್ಚಾಯಿತು. ವಯಸ್ಸಾದವರಿಗೆ ಕೋಟಿ ಹಾಡುಗಳ ಆಯ್ಕೆ ಬೇಕಿರಲಿಲ್ಲ. ಒಂದು ಗುಂಡಿ ಸಾಕಿತ್ತು. ಬೆಂಗಳೂರಿನ ಮಕ್ಕಳು ಊರಿನ ತಾಯಿಗೆ ತಂದುಕೊಟ್ಟ ಇಂತಹ ಪೆಟ್ಟಿಗೆಗಳನ್ನು ಕುಮಟಾ ಸೀಮೆಯ ಕೆಲವು ಮನೆಗಳಲ್ಲಿ ನಾನು ನೋಡಿದ್ದೇನೆ. ಅಲ್ಲಿ ಕೆಲಸ ಮಾಡುತ್ತಿರುವುದು ಒಳಗಿನ 5,000 ಹಾಡಲ್ಲ, ಹಿಂಬದಿಯ ಕಿಂಡಿಗೆ ಸಿಕ್ಕಿಸಿದ ಪೆನ್‌ಡ್ರೈವ್. ಅದರ ತುಂಬ ಯಕ್ಷಗಾನ. ಕಂಪನಿಯು ಬಿಟ್ಟ ಆ ಒಂದು ತೆರೆದ ಕಿಂಡಿಯೇ ಗ್ರಾಹಕನಿಗೆ ಸ್ವಾತಂತ್ರ್ಯ ಕೊಟ್ಟಿದೆ.

ಆಡಳಿತದಲ್ಲಿ ದಶಕಗಳನ್ನು ಕಳೆದವನಾಗಿ, ಆಗಬಹುದಾದ ನಾಲ್ಕು ಕೆಲಸಗಳನ್ನು ಹೇಳಬಯಸುತ್ತೇನೆ. ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ.

ಮೊದಲನೆಯದು, ಮೊಬೈಲಿನ ಎಫ್‌ಎಂ. ದುಬಾರಿ ಫೋನುಗಳಿಂದ ಈ ಸೌಲಭ್ಯ ಮೆಲ್ಲಗೆ ಮಾಯವಾಗುತ್ತ ಬಂತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ತಯಾರಕರಿಗೆ ಸಲಹೆ ನೀಡಿತು. ಸಲಹೆ ಎಂದರೆ ಸಲಹೆಯೇ. ರೇಡಿಯೊ ಕೇಳುವವನಿಂದ ಡೇಟಾ ಮಾರುವವನಿಗೆ ಲಾಭವಿಲ್ಲ. ಹಾಗಾಗಿ ಪೈಪೋಟಿ ತಾನಾಗಿಯೇ ಇದನ್ನು ಒದಗಿಸದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಕಡಿದುಹೋದುದನ್ನು ಕಂಡ ಸೀಮೆ ಇದು. ಮಳೆಗಾಲದಲ್ಲಿ ಕಾರವಾರ ಆಕಾಶವಾಣಿ ಕೈಫೋನಿನಲ್ಲಿ ಕೇಳುವಂತಿರಬೇಕು ಎಂಬುದು ಮನರಂಜನೆಯ ಮಾತಷ್ಟೇ ಅಲ್ಲ. ಸಲಹೆಯನ್ನು ನಿಯಮವಾಗಿಸಬೇಕು.

ಎರಡನೆಯದು, ಪಟ್ಟಿಯನ್ನು ಹೊತ್ತೊಯ್ಯುವ ಹಕ್ಕು. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಅವಕಾಶ ಬಂದಿತು. ಅದರಿಂದ ಗ್ರಾಹಕನ ಕೈ ಎಷ್ಟು ಬಲವಾಯಿತೆಂದು ನಾವೆಲ್ಲ ಕಂಡಿದ್ದೇವೆ. ಸಂಗೀತ ಸೇವೆಗಳಲ್ಲೂ ನಮ್ಮ ಪಟ್ಟಿ, ನಮ್ಮ ಆಯ್ಕೆಗಳನ್ನು ಒಯ್ಯುವಂತಾಗಬೇಕು. 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಇಂತಹ ಹಕ್ಕಿನ ಪ್ರಸ್ತಾವವಿತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಅದು ಬಿಟ್ಟುಹೋಯಿತು. ಅದನ್ನು ಮರಳಿ ತರಬೇಕು.

ಮೂರನೆಯದು ಎಲ್ಲಕ್ಕಿಂತ ತುರ್ತಿನದು. ಕರಾವಳಿಯ ಮನೆಗಳ ಅಟ್ಟದಲ್ಲಿ, ಬೀರುವಿನಲ್ಲಿ ಸಾವಿರಾರು ಕ್ಯಾಸೆಟ್‌ಗಳಿವೆ. ಅವುಗಳಲ್ಲಿ ಅಂಗಡಿಯಲ್ಲಿ ಮಾರಿದವಕ್ಕಿಂತ ಅಮೂಲ್ಯವಾದವು ಮನೆಯವರೇ ಮುದ್ರಿಸಿದವು: ಆಟದ ರಾತ್ರಿಗಳು, ಸೋಬಾನೆ ಪದಗಳು, ಹಾಲಕ್ಕಿ ಹೆಂಗಸರ ಹಾಡು, ತೀರಿಹೋದ ಅಜ್ಜಿಯ ಕಂಠ. ನಮ್ಮ ಮಳೆ, ಉಪ್ಪುಗಾಳಿಗೆ ಆ ಸುರುಳಿಗೆ ಬೂಷ್ಟು ಹಿಡಿಯುತ್ತಿದೆ, ಲೇಪ ಕಳಚುತ್ತಿದೆ. ಅವನ್ನು ನುಡಿಸುವ ಸುಸ್ಥಿತಿಯ ಯಂತ್ರ ಸಿಗುವುದು ಕಷ್ಟ, ಬಿಡಿಭಾಗ ಇನ್ನೂ ಕಷ್ಟ. ಮಾರುಕಟ್ಟೆಯ ಭಾಷೆಯಲ್ಲಿ ಕ್ಯಾಸೆಟ್ ಯಂತ್ರಕ್ಕೆ ಬೇಡಿಕೆಯಿಲ್ಲ. ಸಮಾಜದ ಭಾಷೆಯಲ್ಲಿ ಅದಕ್ಕೆ ಈಗಲೇ ಅತ್ಯಂತ ಹೆಚ್ಚಿನ ಅಗತ್ಯವಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತಾಲ್ಲೂಕಿಗೊಂದು ಅರಿವು ಕೇಂದ್ರದಲ್ಲಿ ದುರಸ್ತಿ ಮಾಡಿದ ಒಂದು ಟೇಪ್ ಡೆಕ್, ಒಂದು ಕಂಪ್ಯೂಟರ್, ತರಬೇತಿ ಪಡೆದ ಒಬ್ಬ ತರುಣ ಇದ್ದರೆ ಈ ಧ್ವನಿಗಳನ್ನು ಉಳಿಸಬಹುದು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು, ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಹಳೆಯ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ನೀಡಿದೆ. ಮನೆಯವರು ಕ್ಯಾಸೆಟ್ಟನ್ನು ಗ್ರಂಥಾಲಯಕ್ಕೆ ಕೊಟ್ಟು ತಮಗೊಂದು ಪೆನ್‌ಡ್ರೈವ್ ಒಯ್ಯಬಹುದು. ಹಾಡಿದವರು ಬದುಕಿದ್ದರೆ ಅವರ ಒಪ್ಪಿಗೆ ಪಡೆಯಬಹುದು.

ನಾಲ್ಕನೆಯದು, ಆಕಾಶವಾಣಿಯ ಧಾರವಾಡ, ಮಂಗಳೂರು, ಕಾರವಾರ ನಿಲಯಗಳಲ್ಲಿರುವ ಯಕ್ಷಗಾನ ಮತ್ತು ಜಾನಪದ ಧ್ವನಿಮುದ್ರಣಗಳನ್ನು ಯಕ್ಷಗಾನ ಅಕಾಡೆಮಿಯ ಸಹಯೋಗದಲ್ಲಿ ಸಾರ್ವಜನಿಕರಿಗೆ ತೆರೆಯುವುದು. ಅವು ತೆರಿಗೆದಾರನ ಹಣದಿಂದ ಆದವು. ಯಾವ ಯಂತ್ರದಲ್ಲಾದರೂ ಓಡುವ, ಬೀಗವಿಲ್ಲದ ಕಡತಗಳಾಗಿ, ಕಲಾವಿದರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಅವನ್ನು ಹೊರಗಿಟ್ಟರೆ ಖಾಸಗಿ ಕಂಪನಿಗಳಿಗೂ ಒಬ್ಬ ಎದುರಾಳಿ ಹುಟ್ಟಿದಂತಾಗುತ್ತದೆ.

1963ರ ಆ ಪುಟ್ಟ ಕ್ಯಾಸೆಟ್ ತಾಂತ್ರಿಕವಾಗಿ ಅಂದಿನ ಅತ್ಯುತ್ತಮ ವಸ್ತುವಾಗಿರಲಿಲ್ಲ. ಅದರ ಧ್ವನಿ ಸಾಧಾರಣ, ಸುರುಳಿ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಆದರೂ ಅದರಿಂದ ಕುಮಟಾದ ಅಂಗಡಿಯವನು ಬದುಕಿದ, ಭಾಗವತ ನಾಲ್ಕು ಕಾಸು ಕಂಡ, ಜಗಲಿಯ ಅಜ್ಜಿ ತನಗೆ ಬೇಕಾದ ಪದ್ಯವನ್ನೇ ಕೇಳಿದಳು. ಅದರ ಮೇಲೆ ಯಾರ ಬೀಗವೂ ಇರಲಿಲ್ಲ ಎಂಬುದೇ ಇದಕ್ಕೆ ಕಾರಣ. ಮುಂದೆ ಬರುವ ಯಂತ್ರ ಯಾವುದೆಂದು ಹೇಳಲಾರೆ. ಅದು ಎಷ್ಟು ಹಾಡು ಹಿಡಿಸುತ್ತದೆ ಎಂದು ಕೇಳುವುದಕ್ಕಿಂತ ಮೊದಲು ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳುವ ಅಭ್ಯಾಸವನ್ನು ಗ್ರಾಹಕರೂ ಸರ್ಕಾರವೂ ಬೆಳೆಸಿಕೊಳ್ಳಬೇಕಾಗಿದೆ.